ಮಂತ್ರಾಲಯದ ಕಡತಗಳು ಸುಟ್ಟ ಮೇಲೆ

2012ರ ಜೂನ್ 21ರ ಮಧ್ಯಾಹ್ನ ಮುಂಬಯಿಯ ಮಂತ್ರಾಲಯದ (ರಾಯರದಲ್ಲ, ಮಹಾರಾಷ್ಟ್ರ ಸರ್ಕಾರದ್ದು) ನಾಲ್ಕನೆಯ ಮಹಡಿಯಲ್ಲಿ ಬೆಂಕಿ ಎದ್ದಿತು. ಮುಖ್ಯಮಂತ್ರಿ ಕಚೇರಿಯಿದ್ದ ಆರನೆಯ ಮಹಡಿಯನ್ನೂ ಅದು ಬಿಡಲಿಲ್ಲ. ಐವರು ಸತ್ತರು. ಆ ಹೊಗೆಯ ನಡುವೆಯೂ ಕೆಲವು ನೌಕರರು ತಾರಸಿಯ ರಾಷ್ಟ್ರಧ್ವಜವನ್ನು ಉಳಿಸಿಕೊಂಡು ಬಂದರು. ಕಡತಗಳಿಗೆ ಆ ಭಾಗ್ಯ ಇರಲಿಲ್ಲ.

ಹಗರಣಕ್ಕೆ ಸಿಲುಕಿದ್ದ ಆದರ್ಶ್ ಹೌಸಿಂಗ್ ಸೊಸೈಟಿಯ ಕಡತ ಸುಡಲೆಂದೇ ಇಷ್ಟೆಲ್ಲ ನಡೆಯಿತು ಎಂದು ಜನ ಆಡಿಕೊಂಡರು. ಆದರೆ ಆ ಕಾಗದಪತ್ರಗಳು ಅದಾಗಲೇ ಸಿಬಿಐ ಕೈಸೇರಿದ್ದವು! ನನಗೆ ಹೊಟ್ಟೆ ಉರಿಯುವುದು ಯಾರೂ ಹೆಸರೆತ್ತದ ಕಡತಗಳಿಗಾಗಿ. ಗುಮಾಸ್ತನ ಷರಾ, ಅದರ ಕೆಳಗೆ ಮೇಲಧಿಕಾರಿಯ ಖಾರವಾದ ಒಂದು ಸಾಲು, ನಾಲ್ಕು ಬಣ್ಣದ ಶಾಯಿಯಲ್ಲಿ ನಡೆದ ಜಗಳ. ಒಂದು ಊರಿನ ಚರಿತ್ರೆ ಇರುವುದೇ ಅಂಥ ಅಂಚುಗಳಲ್ಲಿ.

ಪರಿಹಾರ ಇರಲಿಲ್ಲವೆಂದಲ್ಲ. 2006ರಲ್ಲೇ ಕೇಂದ್ರದ ರಾಷ್ಟ್ರೀಯ ಇ-ಆಡಳಿತ ಯೋಜನೆ ಬಂದಿತ್ತು. 2008ರಲ್ಲಿ ರಾಜ್ಯಗಳ ಡೇಟಾ ಸೆಂಟರ್‌ಗಳಿಗೆ ಒಪ್ಪಿಗೆ ಸಿಕ್ಕಿತ್ತು. ಒಂದೊಂದು ಇಲಾಖೆಯೂ ತನ್ನದೇ ಸರ್ವರ್ ಕೊಂಡು, ತನ್ನದೇ ಎಸಿ ಹಾಕಿ, ಕೆಟ್ಟಾಗ ತಾನೇ ಒದ್ದಾಡುವುದು ಬೇಡ. ಯಂತ್ರ, ವಿದ್ಯುತ್ತು, ಕಾವಲು, ಬ್ಯಾಕಪ್ ಎಲ್ಲ ಒಂದೇ ಕಡೆ ಇರಲಿ, ಇಲಾಖೆಗಳು ಬೇಕಾದಷ್ಟು ಜಾಗ ಬಳಸಿಕೊಳ್ಳಲಿ ಎಂಬ ಲೆಕ್ಕ. ಅದರ ಬೆಲೆ ಸಾಹೇಬರುಗಳಿಗೆ ಅರ್ಥವಾಗಲು ಬೆಂಕಿಯೇ ಬೀಳಬೇಕಾಯಿತು. ಆಮೇಲೆ ಕಾಗದರಹಿತ ಇ-ಆಫೀಸ್‌ನದೇ ಮಾತು.

2015ರಲ್ಲಿ ಸರ್ಕಾರಿ ಸೇವೆಗಳ 'ಆಪಲೇ ಸರ್ಕಾರ್' ಪೋರ್ಟಲ್ ಬಂತು, ಅದೇ ವರ್ಷ ಸೇವಾ ಹಕ್ಕು ಕಾಯ್ದೆಯೂ ಬಂತು. ಮುಂದೆ ಸರ್ಕಾರ ಇಂಥ ಕೆಲಸಕ್ಕೆಂದೇ ಮಹಾಐಟಿ ಎಂಬ ನಿಗಮ ಕಟ್ಟಿತು. ಚರ್ಚ್‌ಗೇಟಿನ ಎಪೀಜೆ ಹೌಸ್‌ನಲ್ಲಿ ಅದರ ಕಚೇರಿ. ಆದಾಯ ಪ್ರಮಾಣಪತ್ರವೋ ವಿದ್ಯಾರ್ಥಿವೇತನವೋ, ಅರ್ಜಿ ಬೇರೆ ಬೇರೆ ಇಲಾಖೆಗಳದಾದರೂ ಹಿಂದಿನ ಯಂತ್ರ ಇವರದೇ. ಯಂತ್ರ ಒಂದೇ ಆದ್ದರಿಂದ 'ಸರ್ವರ್ ಡೌನ್' ಎಂಬ ಉತ್ತರವೂ ಆ ಎಲ್ಲ ಇಲಾಖೆಗಳಿಗೂ ಒಂದೇ!

ಆದರೆ ಇದೇ ಏರ್ಪಾಟಿನಲ್ಲಿ ಮಹಾರಾಷ್ಟ್ರದ ಕನ್ನಡಿಗರಾದ ನಮಗೊಂದು ಅನುಕೂಲವೂ ಇದೆ. ಹಿಂದೆ ಕನ್ನಡದ ಅರ್ಜಿ ನಮೂನೆ ಬೇಕೆಂದರೆ ಇಲಾಖೆಯಿಂದ ಇಲಾಖೆಗೆ ಅಲೆಯಬೇಕಿತ್ತು. ಈಗ ಕೇಳಬೇಕಾದ ಬಾಗಿಲು ಒಂದೇ. ಪೋರ್ಟಲ್ ಮರಾಠಿ, ಇಂಗ್ಲಿಷ್‌ಗಳಲ್ಲಿದೆ, ಕನ್ನಡದಲ್ಲಿಲ್ಲ. ಆದರೆ ರಾಜ್ಯದ ಗಡಿಯ ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಮನೆಮಾತಾದವರು ಬೇಕಾದಷ್ಟು ಜನರಿದ್ದಾರೆ. ಮುಂಬಯಿಯ ಕನ್ನಡ ಸಂಘಗಳು ಮುಂದಿನ ಮನವಿಯನ್ನು ಚರ್ಚ್‌ಗೇಟಿಗೇ ಕೊಡಲಿ.