ಅಂಕೆಯ ಅಂಜನ

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದುವವರಿಗೆ ಎರಡು ಸಂಗತಿಗಳು ಪದೇ ಪದೇ ಎದುರಾಗುತ್ತವೆ. ಒಂದು, ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಕ್ರಮ; ಮೂಡಲಿಗೆ ಹುಣಿಸೆಯ ಮರ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ಹುತ್ತ ಎಂಬಂಥ ಗುರುತುಗಳನ್ನು ಹಿಡಿದು, ಊರಿನ ಯಾವ ರೈತನೂ ನಡೆದು ನೋಡಿ ಒಪ್ಪಬಹುದಾದಂತೆ ನೆಲವನ್ನು ಸುತ್ತಿ ಬರುವ ಕ್ರಮ ಅದು. ಇನ್ನೊಂದು, ವಿಜಯನಗರದ ಕಾಲದ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಅಷ್ಟಭೋಗಗಳ ಪಟ್ಟಿ. ದಾನ ಪಡೆದವನಿಗೆ ಸಲ್ಲತಕ್ಕ ಆ ಎಂಟು ಹಕ್ಕುಗಳ ಸಾಲಿನಲ್ಲಿ ನಿಧಿ, ನಿಕ್ಷೇಪಗಳು ಮುಂದೆ ನಿಲ್ಲುತ್ತವೆ. ನೆಲವನ್ನು ಗುರುತಿಸಲು ಮರವೂ ಕಲ್ಲೂ ಸಾಕಾಗಿದ್ದವು. ನೆಲದೊಳಗಿನ ನಿಧಿಯನ್ನು ಕಾಣಲು ಮಾತ್ರ ಬರಿಗಣ್ಣು ಸಾಲದೆಂದೂ, ಅಂಜನ ಹಾಕಿ ನೋಡಬೇಕೆಂದೂ ಜನ ನಂಬಿದ್ದರು. ಅಮೆರಿಕದ ಆರೆಗನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಒಂದು ಬೇಸಿಗೆಯನ್ನು ಕಳೆದಾಗ, ಹನ್ನೊಂದು ವರ್ಷದ ಮೊಮ್ಮಗ ಅಂಗೈಯಗಲದ ಯಂತ್ರವೊಂದನ್ನು ನನ್ನ ಮುಂದೆ ಹಿಡಿದು, “ತಾತ, ನಾಳೆ ನಿಧಿ ಹುಡುಕಲಿಕ್ಕೆ ಹೋಗೋಣ” ಎಂದಾಗ ಈ ಎರಡೂ ಒಟ್ಟಿಗೆ ನೆನಪಿಗೆ ಬಂದವು.

ಜಿಯೋಕ್ಯಾಷಿಂಗ್ ಎಂಬುದು ಆ ವಿನೋದದ ಹೆಸರು. ಒಬ್ಬರು ಗಾಳಿ ಮಳೆಗಳಿಗೆ ಜಗ್ಗದ ಡಬ್ಬಿಯೊಂದನ್ನು ಕಾಡಿನಲ್ಲೋ ಉದ್ಯಾನದಲ್ಲೋ ಮರೆಯಾಗಿ ಇರಿಸಿ, ಅದಿರುವ ತಾಣದ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆಲ್ಲ ಪ್ರಕಟಿಸುತ್ತಾರೆ. ಅವರ ಮುಖವನ್ನೇ ಕಾಣದ ಇನ್ನೊಬ್ಬರು ಆ ಅಂಕೆಗಳನ್ನು ಹಿಡಿದು ಹೋಗಿ, ಹುಡುಕಿ ತೆಗೆದು, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇದ್ದಂತೆಯೇ ಇರಿಸಿ ಬರುತ್ತಾರೆ. ಹೇಳಿದರೆ ಇಷ್ಟೇ. ಆದರೆ ಇಂಥ ಡಬ್ಬಿಗಳು ಇಂದು ಭೂಮಂಡಲದಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕಿ ಇವೆಯೆಂದರೆ, ಈ ಸರಳವಾದ ಆಟದಲ್ಲಿ ಮನುಷ್ಯನ ಮನಸ್ಸನ್ನು ಸೆಳೆಯತಕ್ಕ ಸತ್ತ್ವ ಏನೋ ಇರಲೇಬೇಕು.

ಅದರ ಹುಟ್ಟನ್ನು ದಿನ ಹಿಡಿದು ಹೇಳಬಹುದು. ಜಿಪಿಎಸ್ ಎಂಬ ಉಪಗ್ರಹ ವ್ಯವಸ್ಥೆಯನ್ನು ಕಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆ, ಸೈನ್ಯದ ಉಪಯೋಗಕ್ಕಾಗಿ. ಜನಸಾಮಾನ್ಯರಿಗೂ ಅದರ ಸಂಕೇತಗಳು ದೊರೆಯುತ್ತಿದ್ದವಾದರೂ, ಬೇಕೆಂದೇ ಅವುಗಳಲ್ಲಿ ತಪ್ಪನ್ನು ಬೆರೆಸಿ ಕಳುಹಿಸುತ್ತಿದ್ದುದರಿಂದ, ನಾಗರಿಕರ ಯಂತ್ರ ತೋರಿಸಿದ ಸ್ಥಳಕ್ಕೂ ನಿಜವಾದ ಸ್ಥಳಕ್ಕೂ ನೂರು ಮೀಟರುಗಳಷ್ಟು ಅಂತರ ಇರುವುದುಂಟಾಗಿತ್ತು. 2000ನೆಯ ಇಸವಿಯ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಈ ಕಲಬೆರಕೆಯನ್ನು ನಿಲ್ಲಿಸುವುದಾಗಿ ಘೋಷಿಸಿದರು. ಆ ರಾತ್ರಿ ಅದು ನಿಂತಿತು. ಜಗತ್ತಿನ ಸಕಲ ಯಂತ್ರಗಳೂ ಮೊದಲಿನ ಹತ್ತು ಪಟ್ಟು ನಿಖರವಾದವು. ಮೇ 3ರಂದು ಆರೆಗನ್ನಿನ ಬೀವರ್‌ಕ್ರೀಕ್ ಎಂಬ ಹಳ್ಳಿಯ ಬಳಿಯ ಕಾಡಂಚಿನಲ್ಲಿ ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಕಪ್ಪು ಬಕೇಟೊಂದನ್ನು ಅರ್ಧ ಹೂತಿಟ್ಟು, ಒಳಗೆ ಒಂದು ನೋಟುಪುಸ್ತಕ, ಪೆನ್ಸಿಲು, ಕೆಲವು ಪುಸ್ತಕಗಳು, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು ಇವುಗಳನ್ನು ತುಂಬಿ, ಉತ್ತರ 45 ಡಿಗ್ರಿ 17.460 ಮಿನಿಟು, ಪಶ್ಚಿಮ 122 ಡಿಗ್ರಿ 24.800 ಮಿನಿಟು ಎಂಬ ಅಂಕೆಗಳನ್ನು ಪ್ರಕಟಿಸಿದರು. ಏನನ್ನಾದರೂ ತೆಗೆದುಕೊಳ್ಳಿ, ಏನನ್ನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂಬುದು ಅವರು ಇಟ್ಟ ಕಟ್ಟಳೆ. ಕೆಲವೇ ದಿನಗಳಲ್ಲಿ ನೆರೆಯ ವಾಷಿಂಗ್ಟನ್ ರಾಜ್ಯದ ಮೈಕ್ ಟೀಗ್ ಎಂಬುವರು ಅದನ್ನು ಕಂಡುಹಿಡಿದರು. ಆ ತಿಂಗಳು ಮುಗಿಯುವುದರೊಳಗೆ ಆಟಕ್ಕೆ ಈಗಿನ ಹೆಸರು ಬಂದಿತು. ಸೆಪ್ಟೆಂಬರಿನಲ್ಲಿ ಸಿಯಾಟಲ್‌ನ ಜೆರೆಮಿ ಐರಿಷ್ ಎಂಬುವರು 75 ತಾಣಗಳ ಪಟ್ಟಿಯೊಂದಿಗೆ ಅದಕ್ಕೊಂದು ಅಂತರಜಾಲದ ನೆಲೆಯನ್ನು ಕಟ್ಟಿಕೊಟ್ಟರು. ಸೈನ್ಯದ ಬೊಕ್ಕಸದಿಂದ ಜನಸಾಮಾನ್ಯರ ಕೈಗೆ ಬಂದ ನಿಖರತೆಯಿಂದ ಒಬ್ಬ ಸಾಮಾನ್ಯ ಪ್ರಜೆ ಕೂಡಲೇ ಮಾಡಿದ ಕೆಲಸ, ಅಪರಿಚಿತನಿಗಾಗಿ ಒಂದು ಉಡುಗೊರೆಯನ್ನು ಇಟ್ಟು ಬಂದದ್ದು. ಈ ಮಾತನ್ನು ನೆನೆದಾಗಲೆಲ್ಲ ನನಗೆ ಮನುಷ್ಯಕುಲದ ವಿಷಯದಲ್ಲಿ ಗೌರವ ಹೆಚ್ಚುತ್ತದೆ. ಇಟ್ಟು ಬರುವ ಈ ಬುದ್ಧಿ ಹೊಸದೂ ಅಲ್ಲ. 1854ರಲ್ಲಿಯೇ ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ಕ್ರಾನ್‌ಮಿಯರ್ ಕೊಳದ ಬಳಿ ಶೀಶೆಯೊಂದನ್ನಿರಿಸಿ, ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಗಳನ್ನು ಅದರಲ್ಲಿ ಬಿಟ್ಟು ಹೋಗುವಂತೆ ಮಾಡಿದ್ದನು.

ಮೊಮ್ಮಗನ ಕೈಯಲ್ಲಿದ್ದುದು ಗಾರ್ಮಿನ್ ಕಂಪನಿಯ ಈಟ್ರೆಕ್ಸ್ 10. ಹಳದಿ ಕಪ್ಪು ಬಣ್ಣದ, ಎರಡು ಪೆನ್ಸಿಲ್ ಸೆಲ್ಲುಗಳನ್ನು ನುಂಗಿ ಕೆಲಸ ಮಾಡುವ ಸಾದಾ ಯಂತ್ರ. ಇದು ತಾನಾಗಿ ಆಕಾಶಕ್ಕೆ ಏನನ್ನೂ ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆರಡು ಬಾರಿ ಭೂಮಿಯನ್ನು ಸುತ್ತುವ ಇಪ್ಪತ್ತನಾಲ್ಕಕ್ಕೆ ಕಡಮೆಯಿಲ್ಲದ ಉಪಗ್ರಹಗಳು, ತಮ್ಮೊಳಗಿನ ಪರಮಾಣು ಗಡಿಯಾರದ ವೇಳೆಯನ್ನೂ ತಾವಿರುವ ಸ್ಥಾನವನ್ನೂ ಸದಾ ಸಾರುತ್ತಿರುತ್ತವೆ. ಆ ಸಂಕೇತ ಹೊರಟದ್ದಕ್ಕೂ ನಮ್ಮ ಕೈ ಸೇರಿದ್ದಕ್ಕೂ ನಡುವೆ ಕಳೆಯುವ ಕಾಲ ಸೆಕೆಂಡಿನ ನೂರು ಪಾಲಿನಲ್ಲಿ ಏಳರಷ್ಟು. ಆ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ಮೂರು ಉಪಗ್ರಹಗಳ ದೂರದಿಂದ ಸ್ಥಾನ ಸಿಕ್ಕಬೇಕಷ್ಟೆ. ಆದರೆ ನಮ್ಮ ಕೈಯಂತ್ರದ ಗಡಿಯಾರ ಅಗ್ಗದ್ದಾದುದರಿಂದಲೂ, ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ನೆಲದ ಮೇಲೆ 30 ಸೆಂಟಿಮೀಟರ್ ತಪ್ಪುವುದರಿಂದಲೂ, ಆ ಗಡಿಯಾರವನ್ನು ತಿದ್ದಲು ನಾಲ್ಕನೆಯ ಉಪಗ್ರಹದ ಸಾಕ್ಷ್ಯ ಬೇಕಾಗುತ್ತದೆ. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತವೂ ಇಲ್ಲಿ ಕೈಜೋಡಿಸಿದೆ. ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಓಡುವ ಗಡಿಯಾರ ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 38ರಷ್ಟು ಮುಂದೆ ಹೋಗುತ್ತದೆ; ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕ ತಪ್ಪು ಕೂಡಿಬರುವುದು.

ಈ ಆಟದವರು ಬರೆಯುವ ಅಂಕೆಗೆ ಒಂದು ರೂಢಿಯಿದೆ. ನಮ್ಮ ಜ್ಯೋತಿಷಿಗಳು ಅಂಶವೆಂದೂ ಕಲೆಯೆಂದೂ ಕರೆದ ಡಿಗ್ರಿ, ಮಿನಿಟುಗಳನ್ನು ಬರೆದು, ಮಿನಿಟಿನ ಮುಂದೆ ಮೂರು ದಶಾಂಶಗಳನ್ನು ಇಡುತ್ತಾರೆ. ಅಕ್ಷಾಂಶದಲ್ಲಿ ಆ ಕೊನೆಯ ಅಂಕೆ ಒಂದು ಹೆಚ್ಚಿದರೆ ನೆಲದ ಮೇಲೆ ಒಂದು ಮೀಟರು 85 ಸೆಂಟಿಮೀಟರು, ಎಂದರೆ ಎತ್ತರದ ಆಳೊಬ್ಬ ಅಡ್ಡ ಮಲಗಿದಷ್ಟು. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒತ್ತೊತ್ತಾಗುವುದರಿಂದ, ಅದೇ ಅಂಕೆಯ ಬೆಲೆ ಬೆಂಗಳೂರಿನಲ್ಲಿ 1.8 ಮೀಟರ್ ಆದರೆ ಆರೆಗನ್ನಿನಲ್ಲಿ 1.3 ಮೀಟರ್.

ಹಿಂದಿನ ರಾತ್ರಿ ಹುಡುಗ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತು, ತಾಣಗಳ ವಿವರವನ್ನು ಜಿಪಿಎಕ್ಸ್ ಎಂಬ ಕಡತವಾಗಿ ಇಳಿಸಿಕೊಂಡು, ಬೇಸ್‌ಕ್ಯಾಂಪ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ತೆರೆದನು. ಪರದೆಯ ಮೇಲೆ ಪೋರ್ಟ್‌ಲೆಂಡ್ ನಗರದ ಪಡುವಣ ಬೆಟ್ಟಸಾಲಿನ ಫಾರೆಸ್ಟ್ ಪಾರ್ಕ್ ಎಂಬ 5,000 ಎಕರೆಗೂ ಮಿಕ್ಕ ಕಾಡು ಹರಡಿಕೊಂಡಿತು. ಕಾಲುದಾರಿಯ ಒಂದು ತಿರುವಿನಿಂದ ನಮ್ಮ ಡಬ್ಬಿ ನೇರ ಗೆರೆಯಲ್ಲಿ 400 ಅಡಿಯೂ ಇರಲಿಲ್ಲ. ಅಲ್ಲಿಂದಲೇ ಇಳಿದು ಹೋಗಬಹುದಲ್ಲಾ ಎಂದೆ. ಅವನು ಬೆರಳಿಟ್ಟು ತೋರಿಸಿದನು: ಸಮೋನ್ನತಿ ರೇಖೆಗಳು ಅಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒಂದಕ್ಕೊಂದು ತಾಗಿ ನಿಂತಿದ್ದವು. “ಅಲ್ಲಿ ಕೊರಕಲು ಇದೆ ತಾತ, ಬಾಣದ ಗುರುತು ನೋಡಿ ಹೋದರೆ ಬೀಳುತ್ತೇವೆ, ಸುತ್ತಿಕೊಂಡು ಹೋಗಬೇಕು.” ಯಂತ್ರ ಬಲ್ಲದ್ದು ದಿಕ್ಕು ದೂರಗಳನ್ನು; ಏರುತಗ್ಗನ್ನು ಬಲ್ಲದ್ದು ನಕ್ಷೆ. ಆ ನಕ್ಷೆಯ ಹಿಂದೆ ಎಷ್ಟು ಜನರ ಎಷ್ಟು ಕಾಲದ ನಡಿಗೆ ಇದೆಯೆಂಬುದನ್ನು ನಾವು ಮರೆಯಬಾರದು. ನಮ್ಮ ದೇಶದ ಮಹಾ ಭೂಮಾಪನಕ್ಕೆ ನಾಂದಿಯಾಗಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಣಿಯನ್ನು ನೆಲದ ಮೇಲೆ ಹಾಸಿ ಆಧಾರರೇಖೆಯನ್ನು ಅಳೆದನು. ಮುಂದೆ ಆ ಕಾರ್ಯವನ್ನು ವಹಿಸಿಕೊಂಡ ಎವರೆಸ್ಟನು ಭೂಮಿಯ ಆಕಾರಕ್ಕೆ ಕಟ್ಟಿದ ಲೆಕ್ಕದ ಮೇಲೆಯೇ ಭಾರತದ ಹಳೆಯ ಸ್ಥಳಾಕೃತಿ ನಕ್ಷೆಗಳು ನಿಂತಿರುವುದರಿಂದ, ಉಪಗ್ರಹಗಳ ಲೆಕ್ಕಕ್ಕೆ ಹೊಂದಿಸದೆ ಅವುಗಳ ಮೇಲೆ ಜಿಪಿಎಸ್ ಅಂಕೆಗಳನ್ನು ಗುರುತಿಸಿದವನು ನೆಲದ ಮೇಲೆ ಬೇರೊಂದು ಜಾಗಕ್ಕೆ ಹೋಗಿ ನಿಲ್ಲುತ್ತಾನೆ.

ಮರುದಿನ ಬೆಳಗ್ಗೆ ನಾವಿಬ್ಬರೂ ಆ ಕಾಡನ್ನು ಹೊಕ್ಕೆವು. ಇಬ್ಬರು ತಬ್ಬಿದರೂ ಸಾಲದ ಡಗ್ಲಸ್ ಫರ್ ಮರಗಳು. ಕೆಳಗೆ ಎದೆಯೆತ್ತರದ ಜರಿಗಿಡ. ಬಿದ್ದ ಮರದ ಮೇಲೆ ಬೆರಳು ಹುದುಗುವಷ್ಟು ದಪ್ಪನೆಯ ಹಾವಸೆ. ಅರ್ಧ ಗಂಟೆ ಸುತ್ತಿ ನಡೆದಮೇಲೆ ಯಂತ್ರ 60 ಅಡಿ ಎಂದಿತು, 35 ಎಂದಿತು, 12 ಎಂದಿತು. ನಾವು ನಿಂತೊಡನೆ, ನೋಡನೋಡುತ್ತಿದ್ದಂತೆಯೇ, 31 ಅಡಿ ಎಂದು ಬೇರೊಂದು ದಿಕ್ಕಿಗೆ ಕೈತೋರಿತು. ಉಪಗ್ರಹದ ಕ್ಷೀಣವಾದ ಸಂಕೇತ ಒದ್ದೆಯ ಎಲೆಗಳಲ್ಲಿ ಇಂಗಿ, ದಪ್ಪ ಕಾಂಡಗಳಿಗೆ ತಾಕಿ ಬಳಸಿ ಬರುವುದರಿಂದ ದೂರದ ಲೆಕ್ಕ ಅಲ್ಲಿ ಕದಲುತ್ತದೆ. ಅಲ್ಲದೆ ಈ ಸಾದಾ ಯಂತ್ರದಲ್ಲಿ ದಿಕ್ಸೂಚಿಯಿಲ್ಲವಾಗಿ, ನಡೆಯುತ್ತಿರುವಾಗ ಮಾತ್ರ ಅದಕ್ಕೆ ದಿಕ್ಕು ತಿಳಿಯುತ್ತದೆ, ನಿಂತವನಿಗೆ ಅದು ದಾರಿ ಹೇಳಲಾರದು. ಹುಡುಗ ಅದನ್ನು ಕೊರಳ ದಾರಕ್ಕೆ ಬಿಟ್ಟು, ಇಟ್ಟವರು ಬರೆದ ಸುಳಿವಿನ ಚೀಟಿಯನ್ನು ತೆಗೆದನು. ಸುಳಿವನ್ನು ನೇರವಾಗಿ ಬರೆಯುವುದಿಲ್ಲ. ಇಂಗ್ಲಿಷ್ ವರ್ಣಮಾಲೆಯ ಪ್ರತಿಯೊಂದು ಅಕ್ಷರವನ್ನೂ ಹದಿಮೂರು ಮನೆ ಸರಿಸಿ ಬರೆದಿರುತ್ತಾರೆ, ಬೇಕೆಂದವರು ಬಿಡಿಸಿಕೊಳ್ಳಬೇಕು. ಬಿಡಿಸಿದಾಗ ಬಂದದ್ದು ಇಷ್ಟು: ಬಿದ್ದ ದಿಮ್ಮಿ, ಮೇಲ್ಮಗ್ಗುಲು.

ಬಿದ್ದ ದಿಮ್ಮಿಗಳು ಅಲ್ಲಿ ಐದಾರು ಇದ್ದವು. ಒಂದೊಂದರ ಬಳಿಯೂ ಮಂಡಿಯೂರಿ ನೋಡುತ್ತ ಹೋದೆವು. ಆ ಕಾಲು ಗಂಟೆಯಲ್ಲಿ ಆ ಹತ್ತು ಮಾರು ನೆಲ, ಅದರ ಅಣಬೆ, ಅದರ ಗೆದ್ದಲು ಕೊರೆದ ಸಂದು, ಬಾಳೆಹಣ್ಣಿನಂತೆ ಹಳದಿಯಾದ ಅಲ್ಲಿನ ಒಂದು ಬಸವನಹುಳು, ಎಲ್ಲವೂ ನನಗೆ ನಮ್ಮೂರಿನ ಹಿತ್ತಿಲಿನಷ್ಟು ಪರಿಚಿತವಾದವು. ನಾಲ್ಕನೆಯ ದಿಮ್ಮಿಯ ಬದಿಯಲ್ಲಿ ತೊಗಟೆಯ ನಾಲ್ಕು ತುಂಡುಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ಒರಗಿದ್ದವು. ಗಾಳಿ ಹಾಗೆ ಜೋಡಿಸುವುದಿಲ್ಲ. ಅವನ್ನು ಸರಿಸಿದರೆ ಹಸುರು ಬಣ್ಣದ ಉಕ್ಕಿನ ಪೆಟ್ಟಿಗೆ, ಹಿಂದೆ ಬಂದೂಕಿನ ಗುಂಡುಗಳನ್ನು ತುಂಬುತ್ತಿದ್ದಂಥದು, ರಬ್ಬರಿನ ಅಂಚಿನಿಂದಾಗಿ ಒಳಗೆ ತೇವದ ಸುಳಿವೂ ಇಲ್ಲದೆ ಕುಳಿತಿತ್ತು. ಗುಂಡು ತುಂಬಿದ್ದಲ್ಲಿ ಗೋಲಿ, ಆಟದ ಕಾರು, ಹೊರದೇಶದ ನಾಣ್ಯ, ಮೊಂಡು ಪೆನ್ಸಿಲು. ಜೊತೆಗೆ ಅಂಕೆ ಕೆತ್ತಿದ ಲೋಹದ ಬಿಲ್ಲೆಯೊಂದು. ಇಂಥ ಬಿಲ್ಲೆ ಯಾರ ಸ್ವತ್ತೂ ಆಗದೆ ಡಬ್ಬಿಯಿಂದ ಡಬ್ಬಿಗೆ ಕೈಬದಲಾಗುತ್ತ ದೇಶಗಳನ್ನು ಸುತ್ತತಕ್ಕದ್ದು. ಕಂಡವರು ಮುಂದಿನ ತಾಣಕ್ಕೆ ಅದನ್ನು ಮುಟ್ಟಿಸಬೇಕು. ಮೊಮ್ಮಗ ಒಂದು ಗೋಲಿಯನ್ನು ತೆಗೆದುಕೊಂಡು, ನಾನು ಊರಿನಿಂದ ತಂದುಕೊಟ್ಟಿದ್ದ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯನ್ನು ಅಲ್ಲಿಟ್ಟನು. ತೆಗೆದುದಕ್ಕೆ ಸಮನಾದದ್ದನ್ನೋ ಹೆಚ್ಚಿನದನ್ನೋ ಇಡತಕ್ಕದ್ದೆಂಬುದು ಇವರ ಧರ್ಮ. ನೋಡುವವರು ಯಾರೂ ಇಲ್ಲದ ಕಾಡಿನಲ್ಲಿ ಆ ಧರ್ಮವನ್ನು ಒಬ್ಬ ಬಾಲಕ ಪಾಲಿಸಿದುದನ್ನು ನಾನು ಕಣ್ಣಾರೆ ಕಂಡೆನು.

ನಿಧಿಯೆಂಬ ಮಾತು ನಮ್ಮಲ್ಲಿ ಎಂಥ ಕೇಡನ್ನು ಮಾಡಿದೆಯೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. 2019ರಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯಿಂದ ರಾತ್ರೋರಾತ್ರಿ ಒಡೆದು ಅಗೆದರು. ಹಾಳುಬಿದ್ದ ಗುಡಿಗಳ ಗರ್ಭಗೃಹದಲ್ಲಿ ಗುಂಡಿ ತೋಡಿರುವುದನ್ನು ಕಾಣದ ಸೀಮೆ ನಮ್ಮಲ್ಲಿ ಕಡಮೆ. ಜಿಯೋಕ್ಯಾಷಿಂಗಿನಲ್ಲಿ ಅಗೆಯುವುದೇ ನಿಷಿದ್ಧ. ಉಲ್ಮರ್ ಅವರ ಮೊದಲ ಬಕೇಟು ಅರ್ಧ ನೆಲದಲ್ಲಿ ಹುದುಗಿದ್ದರೂ, ಆಮೇಲೆ ಬಂದ ನಿಯಮಗಳು ಡಬ್ಬಿಯನ್ನು ಹೂಳಲು ನೆಲ ತೋಡುವುದಕ್ಕೆ ಎಡೆಗೊಡಲಿಲ್ಲ. ನೆಲದ ಒಡೆಯರ ಅನುಮತಿಯಿಲ್ಲದೆ ಇಡಕೂಡದು, ಒಂದು ಡಬ್ಬಿಗೂ ಇನ್ನೊಂದಕ್ಕೂ 161 ಮೀಟರ್ ಅಂತರವಿರಬೇಕು ಎಂದು ಕಟ್ಟುಮಾಡಿದವು. ಹುಡುಕಲು ಹೋದವರು ದಾರಿಯ ಕಸವನ್ನು ಹೆಕ್ಕಿಕೊಂಡು ಬರುವ ಪದ್ಧತಿಯೂ ಬೆಳೆಯಿತು. ಭೂಮಿಯನ್ನು ಕೆಡಿಸದೆ ಭೂಮಿಯಲ್ಲಿ ಹುಡುಕುವ ಈ ವಿದ್ಯೆಯನ್ನು ನಮ್ಮ ಮಕ್ಕಳು ಕಲಿಯಬೇಕೆಂದು ನಾನು ಮನಸಾರೆ ಹಾರೈಸುತ್ತೇನೆ.

ನಾನು ಹೊರಡುವ ಮುನ್ನ ಹುಡುಗ ತಾನೇ ಒಂದು ಡಬ್ಬಿಯನ್ನು ಇಡಲು ನಿಶ್ಚಯಿಸಿದನು. ಮನೆಯ ಹಿಂದಿನ ಸಣ್ಣ ತೋಪಿನ ಒಡೆಯರನ್ನು ಕೇಳಿ ಒಪ್ಪಿಗೆ ಪಡೆದು, ಜಾಗವನ್ನು ಆರಿಸಿ, ಯಂತ್ರವನ್ನು ಅಲ್ಲಿಯೇ ಒಂದು ಕಲ್ಲಿನ ಮೇಲಿರಿಸಿ, ಉಪಗ್ರಹಗಳು ಸ್ಥಾನ ಬದಲಿಸಿದಂತೆಲ್ಲ ಅಂಕೆಯೂ ತುಸು ತುಸು ಬದಲಾಗುವುದರಿಂದ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮರುದಿನ ಇನ್ನೊಮ್ಮೆ ಅಳೆದು ಸರಾಸರಿ ತೆಗೆದನು. ತಾನು ಸೋಮಾರಿಯಾದರೆ ಕಾಣದ ಯಾರೋ ವೃಥಾ ಅಲೆಯಬೇಕಾದೀತೆಂಬ ಕಳಕಳಿ ಅವನದು. ಕೊನೆಗೆ ಸುಳಿವನ್ನು ಬರೆದು, ಅಕ್ಷರಗಳನ್ನು ಸರಿಸುವ ಮೊದಲು ನನಗೆ ಓದಿದನು. ಕನ್ನಡದಲ್ಲಿ ಹೇಳು ಎಂದೆ. ಸ್ವಲ್ಪ ತಡವರಿಸಿ ಹೇಳಿದನು: “ಬಾಗಿದ ಮೇಪಲ್ ಮರ, ಪೂರ್ವದ ಬೇರು, ಚಪ್ಪಟೆ ಕಲ್ಲಿನ ಪಕ್ಕ.”

“ಪೂರ್ವಕ್ಕೆ ನಮ್ಮ ಹಿರಿಯರು ಮೂಡಲು ಎನ್ನುತ್ತಿದ್ದರು” ಎಂದೆ. ಅವನು ಆ ಮಾತನ್ನು ಎರಡು ಸಲ ಹೇಳಿಕೊಂಡು, ಅಂಕೆಗಳ ಕೆಳಗೆ ಬರೆದುಕೊಂಡನು.