ಸೂರ್ಯನ ತಂಬೂರಿ

ಒಲೆಯಿಂದ ದೂರ ಸರಿದಷ್ಟೂ ಶಾಖ ಕಡಿಮೆಯಾಗುವುದು ಎಲ್ಲರ ಅನುಭವ. ಸೂರ್ಯನಲ್ಲಿ ಮಾತ್ರ ಇದು ತಲೆಕೆಳಗು. ಅವನ ಮೇಲ್ಮೈಯ ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಹಬ್ಬಿರುವ ‘ಕರೋನಾ’ ಎಂಬ ತೆಳುವಾದ ಪ್ರಭಾವಲಯದ್ದು 10 ಲಕ್ಷ ಡಿಗ್ರಿಗೂ ಮಿಗಿಲು! ಒಲೆಗಿಂತ ಅದರ ಹೊಗೆಯೇ ಹೆಚ್ಚು ಸುಡುವುದೆಂದರೆ ಸೋಜಿಗವಲ್ಲವೇ?

ಈ ಕರೋನಾ ಬರಿಗಣ್ಣಿಗೆ ಕಾಣುವುದು ಖಗ್ರಾಸ ಗ್ರಹಣದ ಕೆಲವೇ ನಿಮಿಷ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರುಗಳ ಕಡೆ ಅಂಥ ಯೋಗ ಒದಗಿತ್ತು. ಬಾಗಿಲು ಕಿಟಕಿ ಮುಚ್ಚಿ ಒಳಗೆ ಕುಳಿತು ಅದನ್ನು ಕಳೆದುಕೊಂಡವರೂ ಉಂಟು.

ಮೇಲಕ್ಕೆ ಈ ಶಾಖವನ್ನು ಹೊತ್ತೊಯ್ಯುವವರು ಯಾರು? 1942ರಲ್ಲಿ ಸ್ವೀಡನ್ನಿನ ಹಾನ್ನೆಸ್ ಆಲ್ಫ್‌ವೆನ್ ಒಂದು ಹೊಸ ಬಗೆಯ ಅಲೆಯನ್ನು ಸೂಚಿಸಿದರು. ಅತಿ ಶಾಖದಲ್ಲಿ ಪರಮಾಣುಗಳು ಒಡೆದು, ವಿದ್ಯುತ್ತಿನ ಕಣಗಳಾದ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. ಅದರೊಳಗಿನ ಅಯಸ್ಕಾಂತ ರೇಖೆಗಳು ಬಿಗಿದ ತಂತಿಗಳಂತೆ ಕಂಪಿಸಬಲ್ಲವು ಎಂದರು ಅವರು. ಮೊದಲು ನಂಬಿದವರು ಕಡಿಮೆ. 1970ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೇ ಬಂದಿತು.

ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ ನಮ್ಮ ಪುಣೆಯಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಹೋಗುವವರೆಲ್ಲ ತಂಬೂರಿಯನ್ನು ಬಲ್ಲರು. ತಂತಿ ಬಿಗಿದಷ್ಟೂ ಅಲೆ ಬೇಗ ಓಡುತ್ತದೆ. ತಂತಿ ದಪ್ಪವಾದಷ್ಟೂ ನಿಧಾನ. ಇಲ್ಲಿಯೂ ಹಾಗೆಯೇ. ಅಯಸ್ಕಾಂತ ಬಲ ಹೆಚ್ಚಿದಷ್ಟೂ ವೇಗ. ಪ್ಲಾಸ್ಮಾ ಸಾಂದ್ರವಾದಷ್ಟೂ ಮಂದಗತಿ. ಕುದಿಯುವ ಅನ್ನದಂತೆ ಹೊರಳುವ ಸೂರ್ಯನ ಮೇಲ್ಮೈ ಈ ತಂತಿಗಳ ಬುಡವನ್ನು ಮೀಟುತ್ತದೆ. ಮೇಲೇರಿದ ಅಲೆ ಅಲ್ಲಿ ಕರಗಿದರೆ ಅದರ ಶಕ್ತಿ ಶಾಖವಾಗುತ್ತದೆ.

ಆದರೆ ಇದೊಂದರಿಂದಲೇ ಕರೋನಾ ಕಾಯುವುದೋ, ಅಯಸ್ಕಾಂತ ರೇಖೆಗಳು ತುಂಡಾಗಿ ಮತ್ತೆ ಕೂಡುವಾಗಿನ ಸಣ್ಣ ಸ್ಫೋಟಗಳ ಪಾಲೆಷ್ಟೋ, ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಈ ಶೋಧದಲ್ಲಿ ನಮ್ಮ ಎರಡು ಊರುಗಳೂ ಕೈಗೂಡಿಸಿವೆ. 2023ರ ಸೆಪ್ಟೆಂಬರ್ 2ರಂದು ಹೊರಟ ‘ಆದಿತ್ಯ-ಎಲ್1’ ನೌಕೆ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು. ಅದರ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸಿದ್ದು ಪುಣೆಯ ಅಯುಕಾ ಸಂಸ್ಥೆ; ಸೂರ್ಯಬಿಂಬವನ್ನು ಮರೆಮಾಡಿ ಕೃತಕ ಗ್ರಹಣ ಮಾಡಿಕೊಳ್ಳುವ ಉಪಕರಣ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು, ಹೊಸಕೋಟೆಯಲ್ಲಿ ಜೋಡಿಸಿದ್ದು. ಪುಣೆಯ ಕಣ್ಣು ತಂತಿಯ ಬುಡದ ಕಡೆಗೆ, ಬೆಂಗಳೂರಿನ ಕಣ್ಣು ಅದರ ಮೇಲ್ಭಾಗದ ಕಡೆಗೆ!

ಮುಂದಿನ ಗ್ರಹಣದಲ್ಲಿ ಮಕ್ಕಳನ್ನು ಒಳಗೆ ಕೂಡಿಹಾಕುವುದು ಬೇಡ. ತಕ್ಕ ಕನ್ನಡಕ ಕೊಟ್ಟು, ಅಂಗಳಕ್ಕೆ ಕರೆತಂದು ಸೂರ್ಯನನ್ನು ತೋರಿಸೋಣ. ಈ ಒಗಟನ್ನು ಬಿಡಿಸುವ ಹುಡುಗಿಯೋ ಹುಡುಗನೋ ನಮ್ಮ ಮನೆಗಳಲ್ಲೇ ಇರಬಾರದೇಕೆ?