ಅಂಚೆಕಾರ್ಡಿನಲ್ಲಿ ಅಮೂರ್ತ ಚಿತ್ರ

ಪಾಶ್ಚಾತ್ಯ ಅಮೂರ್ತ ಚಿತ್ರಕಲೆಯನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಮಾತನಾಡುವ ಅನೇಕರು ಮೂಲಚಿತ್ರಗಳನ್ನು ಕಂಡವರಲ್ಲ. ಪುಸ್ತಕದ ಪುಟ, ತೆರೆಯ ಮೇಲಣ ಬಿಂಬ, ಚಿತ್ರಶಾಲೆಗಳು ಮಾರುವ ಅಂಚೆಕಾರ್ಡು, ಇವೇ ಅವರಿಗೆ ಆಧಾರ. ಇದರಲ್ಲಿ ನಾಚತಕ್ಕದ್ದೇನೂ ಇಲ್ಲ. ಆದರೆ ಕಾರ್ಡನ್ನು ನೋಡಿ ಚಿತ್ರದ ಬೆಲೆ ಕಟ್ಟುವ ಮುನ್ನ, ಕಾರ್ಡಿನಲ್ಲಿ ಉಳಿಯದೆ ಹೋದುದೇನೆಂಬುದನ್ನು ಅರಿತಿರಬೇಕಾದುದು ಅವಶ್ಯ.

ಲಿಯೊನಾರ್ಡೊನ ‘ಮೋನಾ ಲೀಸಾ’ವನ್ನು ಕಾರ್ಡಿಗೆ ಇಳಿಸಿದರೂ ನೋಡುವವನಿಗೆ ಮನುಷ್ಯಮುಖದ ಅಳತೆ ಗೊತ್ತು, ಕುಗ್ಗಿದುದನ್ನು ಅವನ ಮನಸ್ಸು ತಾನಾಗಿ ಹಿಗ್ಗಿಸಿಕೊಳ್ಳುತ್ತದೆ. ಅಮೂರ್ತ ಚಿತ್ರದಲ್ಲಿ ಅಂತಹ ಅಳತೆಗೋಲಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ ಬಾರ್ನೆಟ್ ನ್ಯೂಮನ್‌ನ ‘ವಿರ್ ಹೆರೋಯಿಕಸ್ ಸಬ್ಲಿಮಿಸ್’ (1950-51) ಎಂಬ ಕೃತಿಯನ್ನು ನೋಡಿ. ಎತ್ತರ ಸುಮಾರು 242 ಸೆಂಟಿಮೀಟರು, ಅಗಲ 542. ಕೆಂಪಿನ ವಿಶಾಲವಾದ ಹರವು, ಅದರಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಐದು ಪಟ್ಟೆಗಳು, ಇಷ್ಟೆ. 14.8 ಸೆಂಟಿಮೀಟರು ಅಗಲದ ಕಾರ್ಡಿನಲ್ಲಿ ಈ ಹರವಿನ ವಿಸ್ತೀರ್ಣ ಮೂಲದ 1300ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 1951ರ ಪ್ರದರ್ಶನದಲ್ಲಿ ನ್ಯೂಮನ್, ದೊಡ್ಡ ಚಿತ್ರಗಳನ್ನು ಹತ್ತಿರದಿಂದಲೇ ನೋಡಬೇಕೆಂದು ಪ್ರೇಕ್ಷಕರಿಗಾಗಿ ಸೂಚನೆ ಹಾಕಿಸಿದ್ದನು. ಹತ್ತಿರ ನಿಂತವನ ಕಣ್ಣಿಗೆ ಚಿತ್ರದ ಅಂಚು ಸಿಕ್ಕದು; ಬಣ್ಣವೇ ಅವನನ್ನು ಸುತ್ತುವರಿಯುತ್ತದೆ. ಕಾರ್ಡಿನಲ್ಲಾದರೋ ಮೊದಲು ಕಾಣುವುದೇ ಅಂಚು. ಇದನ್ನು ಯಾರು ಬೇಕಾದರೂ ಬರೆದಾರೆಂದು ವಿದ್ಯಾರ್ಥಿಯು ನಕ್ಕರೆ, ಅವನು ನಕ್ಕುದು ಕಾರ್ಡನ್ನು ಕಂಡು. ಕಾರ್ಡಿನ ಹಿಂಬದಿಯಲ್ಲಿ ಅನೇಕ ವೇಳೆ ಮೂಲದ ಅಳತೆ ಅಚ್ಚಾಗಿರುತ್ತದೆ. ಉಪಾಧ್ಯಾಯರು ಅಷ್ಟು ಜಾಗವನ್ನು ತರಗತಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ ತೋರಿಸಿದರೆ ಅರ್ಧ ವಾದ ಅಲ್ಲಿಗೆ ಮುಗಿದೀತು.

ಅಳತೆಯಂತೆಯೇ ಮೇಲ್ಮೈಯೂ ನಷ್ಟವಾಗುತ್ತದೆ. ವರ್ಣಮುದ್ರಣವು ಸಾಮಾನ್ಯವಾಗಿ ನಾಲ್ಕು ಶಾಯಿಗಳ ಸೂಕ್ಷ್ಮ ಚುಕ್ಕೆಗಳಿಂದಾದುದು. ಬಣ್ಣದ ದಪ್ಪವನ್ನು ಅದು ತಿಳಿಸಲಾರದು. ಮಾಸ್ಕೋದ ಟ್ರೆಟ್ಯಾಕೋವ್ ಚಿತ್ರಶಾಲೆಯಲ್ಲಿರುವ ಮಲೇವಿಚ್‌ನ ‘ಕಪ್ಪು ಚೌಕ’ (1915) ಬಿರುಕುಗಳಿಂದ ತುಂಬಿದೆ. ಆ ಕಪ್ಪಿನ ಅಡಿಯಲ್ಲಿ ಬೇರೆ ಎರಡು ವರ್ಣರಚನೆಗಳು ಅಡಗಿವೆಯೆಂದು ಚಿತ್ರಶಾಲೆಯವರು ಕ್ಷಕಿರಣ ಪರೀಕ್ಷೆಯ ಅನಂತರ 2015ರಲ್ಲಿ ಪ್ರಕಟಿಸಿದರು. ಸಾಧಾರಣ ಕಾರ್ಡಿನಲ್ಲಿ ಅದು ನುಣುಪಾದ ಕರಿಯ ಚೌಕ ಮಾತ್ರ.

ಇದಕ್ಕೆ ಅಪವಾದವೂ ಉಂಟು. 1923ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಕಲಾಶಾಲೆಯು ತನ್ನ ಪ್ರದರ್ಶನದ ಪ್ರಚಾರಕ್ಕಾಗಿ 20 ಅಂಚೆಕಾರ್ಡುಗಳನ್ನು ಶಿಲಾಮುದ್ರಣದಲ್ಲಿ ಹೊರತಂದಿತು. ಕ್ಯಾಂಡಿನ್ಸ್ಕಿ, ಕ್ಲೇ ಮೊದಲಾದವರು ಅವುಗಳನ್ನು ಕಾರ್ಡಿನ ಅಳತೆಗೆಂದೇ ರಚಿಸಿದರು. ಅಲ್ಲಿ ಕಾರ್ಡೇ ಮೂಲಕೃತಿ. ಅದನ್ನು ತೆರೆಯ ಮೇಲೆ ಗೋಡೆಯಷ್ಟು ಹಿಗ್ಗಿಸಿ ತೋರಿಸುವವರು ಎದುರು ದಿಕ್ಕಿನಿಂದ ಅದೇ ತಪ್ಪನ್ನು ಮಾಡುತ್ತಾರೆ.